ಟೀಚರನ್ನು ಕೇಳಿ: ಲ್ಯಾಕ್ರೋಸ್ ಆಡಿದರೆ ಅಮೆರಿಕದಲ್ಲಿ ಸೀಟು ಸಿಗುತ್ತಾ?

ಹೋದ ಸಲ ಮುಂಬೈ ಕಾಲೇಜುಗಳ ಸ್ಪೋರ್ಟ್ಸ್ ಕೋಟಾ ಬಗ್ಗೆ ಬರೆದಿದ್ದೆ. ಅದನ್ನು ಓದಿದವರು ಈಗ ಅಮೆರಿಕದ ಕಾಲೇಜುಗಳ ಬಗ್ಗೆ ಕೇಳಿದ್ದಾರೆ. ಅದರಲ್ಲೂ ಲ್ಯಾಕ್ರೋಸ್! ವಡಾಳದ ಶಾಲೆಯಲ್ಲಿ ಖೋಖೋ, ಕಬಡ್ಡಿ ಕಲಿಸಿ ನಿವೃತ್ತಳಾದ ಪಿ.ಟಿ. ಟೀಚರ್‌ಗೆ ಇದೇನು ಗೊತ್ತು ಅಂತ ನಿಮಗೆ ಅನಿಸಬಹುದು. ನನ್ನ ತಮ್ಮನ ಮಗಳು ಬಾಲ್ಟಿಮೋರ್ ಹತ್ತಿರ ಬೆಳೆದವಳು. ಅಲ್ಲಿ ಕಾಲೇಜು ಮುಗಿಯುವ ತನಕ ಇದೇ ಆಟ ಆಡಿದಳು. ಅವಳ ಕಾಲೇಜು ಹುಡುಕಾಟದ ಕಾಗದಪತ್ರವೆಲ್ಲ ನನ್ನ ಕಣ್ಣ ಮುಂದೆಯೇ ಆದದ್ದು. ಹಾಗಾಗಿ ಈ ಸಲ ಬರೀ ಅದೇ ವಿಷಯ.

ಲ್ಯಾಕ್ರೋಸ್ ಅಂದರೆ ಏನು ಟೀಚರ್? ನನ್ನ ಮಗ ಅದು ಹಾಕಿ ಥರ ಅಂತಾನೆ. ಹೌದಾ?
— ಗೃಹಿಣಿ, ವಾಶಿ

ಅಲ್ಲ. ಹಾಕಿಯಲ್ಲಿ ಚೆಂಡು ನೆಲದ ಮೇಲೆ ಓಡುತ್ತದೆ, ಇಲ್ಲಿ ಗಾಳಿಯಲ್ಲಿ. ಕೋಲಿನ ತುದಿಗೆ ಸಣ್ಣ ಬಲೆ. ಗಟ್ಟಿ ರಬ್ಬರ್ ಚೆಂಡನ್ನು ಅದರಲ್ಲೇ ಹಿಡಿಯಬೇಕು, ಬೀಳದ ಹಾಗೆ ತೂಗುತ್ತಾ ಓಡಬೇಕು, ಅದರಿಂದಲೇ ಎಸೆದು ಗೋಲು ಹೊಡೆಯಬೇಕು. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ ಇದು. ಗಂಡುಮಕ್ಕಳು ಹೆಲ್ಮೆಟ್, ಪ್ಯಾಡ್ ಹಾಕಿಕೊಂಡು ಮೈಗೆ ಮೈ ತಾಗಿಸಿ ಆಡುತ್ತಾರೆ. ಹೆಣ್ಣುಮಕ್ಕಳ ಆಟದಲ್ಲಿ ಹಾಗೆ ಡಿಕ್ಕಿ ಹೊಡೆಯುವಂತಿಲ್ಲ. ಅವರಿಗೆ ಕಣ್ಣಿನ ರಕ್ಷಣೆಗೆ ಒಂದು ಗಾಗಲ್, ಬಾಯಿಗೆ ಗಾರ್ಡ್. ಎರಡೂ ಹೆಚ್ಚುಕಡಿಮೆ ಬೇರೆ ಬೇರೆ ಆಟಗಳೇ ಅನ್ನಿ.

ನಾವು ಧಾರವಾಡದವರು. ಯಜಮಾನರ ಐಟಿ ಕೆಲಸದಿಂದ ಆರು ವರ್ಷ ಮೇರಿಲ್ಯಾಂಡ್‌ನಲ್ಲಿ ಇದ್ದೆವು. ಹೋದ ವರ್ಷ ಪುಣೆಗೆ ವಾಪಸ್ ಬಂದೆವು. ಮಗಳು ಈಗ 9ನೇ ಕ್ಲಾಸ್, ಸಿಬಿಎಸ್‌ಇ. 2029ರಲ್ಲಿ 12 ಮುಗಿಸುತ್ತಾಳೆ. ಅಲ್ಲಿ ಕ್ಲಬ್ ತಂಡದಲ್ಲಿ ಮಿಡ್‌ಫೀಲ್ಡ್ ಆಡುತ್ತಿದ್ದಳು. ಇಲ್ಲಿ ತಂಡವೇ ಇಲ್ಲ. ಸಂಜೆ ಸೊಸೈಟಿ ಗೋಡೆಗೆ ಒಬ್ಬಳೇ ಚೆಂಡು ಹೊಡೆಯುತ್ತಾಳೆ, ವಾಚ್‌ಮನ್ ಬಂದು ಬೈದು ಹೋಗುತ್ತಾನೆ. ನಾನು ಇಪ್ಪತ್ತು ಕಾಲೇಜಿನ ಕೋಚ್‌ಗಳಿಗೆ ಮೇಲ್ ಹಾಕಿದೆ. ಒಬ್ಬರೂ ಸರಿಯಾದ ಉತ್ತರ ಕೊಡಲಿಲ್ಲ. ಇಬ್ಬರು ಕ್ಯಾಂಪಿನ ಜಾಹೀರಾತು ಕಳಿಸಿದರು. ಯಜಮಾನರು ಬಿಟ್ಟುಬಿಡು ಅಂತಾರೆ. ಆಸೆ ಇಟ್ಟುಕೊಳ್ಳಬಹುದಾ?
— ಒಬ್ಬ ತಾಯಿ, ವಾಕಡ್, ಪುಣೆ

ಇಟ್ಟುಕೊಳ್ಳಿ ತಂಗಿ. ಆದರೆ ಯಾವುದರ ಮೇಲೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ.

ಕೋಚ್‌ಗಳು ಉತ್ತರ ಕೊಡದೇ ಇರುವುದಕ್ಕೆ ನಿಮ್ಮ ಮಗಳು ಕಾರಣ ಅಲ್ಲ. ಅಲ್ಲಿನ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಅನ್ನುವ ಸಂಸ್ಥೆಯ ನಿಯಮ ಅದು. ಅದರಲ್ಲಿ ಮೂರು ಡಿವಿಷನ್, ಅಂದರೆ ಮೂರು ಮಟ್ಟಗಳಿವೆ, ಒಂದು ಅನ್ನೋದು ಎಲ್ಲಕ್ಕಿಂತ ಮೇಲಿನದು. ಡಿವಿಷನ್ ಒಂದರ ಲ್ಯಾಕ್ರೋಸ್ ಕೋಚ್, ಹುಡುಗಿ 11ನೇ ಕ್ಲಾಸಿಗೆ ಬಂದ ವರ್ಷದ ಸೆಪ್ಟೆಂಬರ್ 1ರ ತನಕ ಸೇರಿಸಿಕೊಳ್ಳುವ ಮಾತು ಆಡುವಂತಿಲ್ಲ. ಫೋನಿಲ್ಲ, ಮೆಸೇಜಿಲ್ಲ. ಕ್ಯಾಂಪಿನ ಕಾಗದ ಅಥವಾ ತುಂಬಿ ಕಳಿಸುವ ಫಾರ್ಮ್ ಮಾತ್ರ ಕಳಿಸಬಹುದು. ನಿಮಗೆ ಬಂದದ್ದು ಅದೇ. ನಿಮ್ಮ ಮಗಳ ಲೆಕ್ಕದಲ್ಲಿ ಆ ದಿನ 2027ರ ಸೆಪ್ಟೆಂಬರ್ 1. ಡಿವಿಷನ್ ಎರಡಕ್ಕೆ ಅದೇ ವರ್ಷದ ಜೂನ್ 15. ಡಿವಿಷನ್ ಮೂರಕ್ಕೆ ಮೇಲ್, ಫೋನ್ ವಿಷಯದಲ್ಲಿ ಇಂಥ ತಡೆ ಇಲ್ಲ, ಅವರು ಈಗಲೇ ಬರೆಯಬಹುದು. ಆದರೆ 9ನೇ ಕ್ಲಾಸಿನ ಮಕ್ಕಳ ಹಿಂದೆ ಬೀಳಲು ಅವರಿಗೂ ಪುರುಸೊತ್ತಿಲ್ಲ. ಇದನ್ನು ಯಜಮಾನರಿಗೆ ಓದಿ ಹೇಳಿ.

ಉತ್ತರ ಕೊಡುವಂತಿಲ್ಲ ಅಂದ ಮಾತ್ರಕ್ಕೆ ಅವರು ಮೇಲ್ ಓದುವುದಿಲ್ಲ ಅಂತಲ್ಲ. ಓದುತ್ತಾರೆ, ಹೆಸರು ಬರೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಬರೆಯುವುದನ್ನು ನಿಲ್ಲಿಸಬೇಡಿ. ನೀವು ಮಾತ್ರ ನಿಲ್ಲಿಸಿ, ಮಗಳು ಬರೆಯಲಿ. ಅಮ್ಮ ಬರೆದ ಮೇಲ್ ಎರಡನೇ ಸಾಲಿಗೇ ಗೊತ್ತಾಗುತ್ತದೆ, ನಂಬಿ. ‘ನನ್ನ ಮಗಳು ತುಂಬಾ ಶಿಸ್ತಿನ ಹುಡುಗಿ’ ಅಂತ ನೀವು ಬರೆದಿರುತ್ತೀರಿ. ಬರೆದಿಲ್ಲ ಅನ್ನಿ ನೋಡೋಣ! ನಾಲ್ಕು ವರ್ಷ ತನ್ನ ತಂಡದಲ್ಲಿ ಇರಬೇಕಾದ ಹುಡುಗಿ ತನ್ನ ಬಗ್ಗೆ ತಾನೇ ನಾಲ್ಕು ಸಾಲು ಬರೆಯಬಲ್ಲಳಾ ಅನ್ನೋದನ್ನೇ ಕೋಚ್ ನೋಡುವುದು.

ಸಬ್ಜೆಕ್ಟ್ ಸಾಲಿನಲ್ಲಿ 2029, ಮಿಡ್‌ಫೀಲ್ಡ್, ಹೆಸರು, ಪುಣೆ. ಇಷ್ಟೇ. ಒಳಗೆ ಎತ್ತರ, ಯಾವ ಕೈ, ಮೊದಲು ಆಡಿದ ಕ್ಲಬ್, ಶಾಲೆಯ ಮಾರ್ಕ್ಸ್, ವಿಡಿಯೋ ಲಿಂಕ್, ಹಳೇ ಕೋಚ್‌ನ ಫೋನ್ ನಂಬರ್. ಆಮೇಲೆ ಆ ಕಾಲೇಜೇ ಯಾಕೆ ಅಂತ ಎರಡು ಮಾತು, ಅದು ಆ ಕಾಲೇಜಿಗೆ ಮಾತ್ರ ಹೊಂದುವಂಥದ್ದಾಗಿರಲಿ. ಇಪ್ಪತ್ತು ಕಡೆಗೆ ಒಂದೇ ಮೇಲ್ ಕಳಿಸಿ ಒಂದು ಕಾಲೇಜಿನ ಹೆಸರು ಇನ್ನೊಂದಕ್ಕೆ ಹೋದ ಕಥೆಗಳು ಬೇಕಾದಷ್ಟಿವೆ.

ವಿಡಿಯೋ ಮೂರು ನಾಲ್ಕು ನಿಮಿಷ ಸಾಕು. ಒಳ್ಳೆಯದನ್ನು ಕೊನೆಗೆ ಇಡಬೇಡಿ, ಮೊದಲೇ ಹಾಕಿ. ಪ್ರತಿ ತುಣುಕು ಶುರುವಾಗುವಾಗ ಮಗಳ ಸುತ್ತ ಒಂದು ಸುತ್ತು ಗುರುತು ಬರಲಿ, ಇಲ್ಲದಿದ್ದರೆ ಇಪ್ಪತ್ತು ಪೋನಿಟೇಲ್‌ಗಳಲ್ಲಿ ಯಾವುದು ಅಂತ ಹುಡುಕುವುದು? ಹಿಂದೆ ಹಾಡು ಬೇಡ. ಬರೀ ಗೋಲು ತೋರಿಸಬೇಡಿ. ಮಿಡ್‌ಫೀಲ್ಡ್ ಹುಡುಗಿಯಲ್ಲಿ ಅವರು ಹುಡುಕುವುದು ಬೇರೆ: ನೆಲಕ್ಕೆ ಬಿದ್ದ ಚೆಂಡನ್ನು ಯಾರು ಎತ್ತುತ್ತಾರೆ, ಆಟ ಶುರುವಾಗುವ ಡ್ರಾನಲ್ಲಿ ಚೆಂಡು ಯಾರಿಗೆ ಸಿಗುತ್ತದೆ, ಚೆಂಡು ಕಳಕೊಂಡ ಮೇಲೆ ಹಿಂದಕ್ಕೆ ಯಾರು ಓಡುತ್ತಾರೆ. ಎಡಗೈ ಬಲಗೈ ಎರಡರಲ್ಲೂ ಆಡುತ್ತಾಳಾ ಅಂತ ಖಂಡಿತ ನೋಡುತ್ತಾರೆ. ಗೋಡೆಗೆ ಹೊಡೆಯುತ್ತಾಳೆ ಅಂದಿರಲ್ಲ, ಅದು ಚಿನ್ನದಂಥ ಅಭ್ಯಾಸ. ಅಲ್ಲಿ ದೊಡ್ಡ ದೊಡ್ಡ ಆಟಗಾರರೂ ದಿನಾ ಮಾಡುವುದು ಅದನ್ನೇ. ಬಲಗೈಯಲ್ಲಿ ಎಷ್ಟೋ ಎಡಗೈಯಲ್ಲೂ ಅಷ್ಟೇ. ಸೊಸೈಟಿ ಸೆಕ್ರೆಟರಿಯನ್ನು ಕೇಳಿ ಪಂಪ್‌ಹೌಸ್ ಹಿಂದಿನ ಗೋಡೆಯನ್ನು ಸಂಜೆ ಒಂದು ಗಂಟೆ ಕೊಡಿಸಿಕೊಳ್ಳಿ. ವಾಚ್‌ಮನ್‌ಗೂ ಒಂದು ಕೋಲು ಕೊಟ್ಟು ನೋಡಿ, ಬೈಗುಳ ನಿಲ್ಲುತ್ತದೆ.

ಆದರೆ 7ನೇ ಕ್ಲಾಸಿನ ವಿಡಿಯೋ ಇಟ್ಟುಕೊಂಡು 11ನೇ ಕ್ಲಾಸಿನ ಹುಡುಗಿಯನ್ನು ಯಾರೂ ಆರಿಸುವುದಿಲ್ಲ. ಪಂದ್ಯ ಆಡಲೇಬೇಕು. ಕೋಚ್‌ಗಳು ಮಕ್ಕಳನ್ನು ನೋಡುವುದು ಹೆಚ್ಚಾಗಿ ಅಲ್ಲಿನ ಬೇಸಿಗೆಯ ಕ್ಲಬ್ ಪಂದ್ಯಾವಳಿಗಳಲ್ಲಿ, ಜೂನ್-ಜುಲೈನಲ್ಲಿ. ನಮ್ಮ ರಜೆ ಏಪ್ರಿಲ್-ಮೇ. ಇದೊಂದು ತಲೆನೋವು. ನಿಮಗೆ ಅದೃಷ್ಟಕ್ಕೆ 2027ರ ಬೇಸಿಗೆ 10ನೇ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಬರುತ್ತದೆ. ಪ್ರಿನ್ಸಿಪಾಲರಿಗೆ ಈಗಲೇ ಹೇಳಿಟ್ಟು, 11ರ ಆರಂಭದಲ್ಲಿ ಮೂರು ನಾಲ್ಕು ವಾರ ರಜೆ ಕೇಳಿ. ಹಳೇ ಕ್ಲಬ್ಬಿಗೆ ಬರೆದು ಗೆಸ್ಟ್ ಪ್ಲೇಯರ್ ಆಗಿ ಸೇರಿಸಿಕೊಳ್ಳುತ್ತಾರಾ ಕೇಳಲಿ. ಎರಡು ಪಂದ್ಯಾವಳಿ ಸಿಕ್ಕರೂ ಸಾಕು.

ನಾನು ಅಂಥದ್ದೊಂದನ್ನು ಮೇರಿಲ್ಯಾಂಡ್‌ನಲ್ಲಿ ನೋಡಿದ್ದೇನೆ. ಸಾಲಾಗಿ ಮೈದಾನಗಳು, ಎಲ್ಲದರಲ್ಲೂ ಒಟ್ಟಿಗೇ ಆಟ. ಕೋಚ್‌ಗಳು ಕಾಲೇಜಿನ ಹೆಸರಿರುವ ಟೀಶರ್ಟ್ ಹಾಕಿ, ಮಡಚುವ ಕುರ್ಚಿ ಹೆಗಲಿಗೆ ಹಾಕಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತಾರೆ. ಕೈಯಲ್ಲಿ ಜೆರ್ಸಿ ನಂಬರ್‌ಗಳ ಪಟ್ಟಿ. ಹೆಸರಲ್ಲ, ನಂಬರ್! ಆ ದಿನ ನಮ್ಮ ತಂಡದ ಒಬ್ಬಳು ಜೆರ್ಸಿ ಮನೆಯಲ್ಲೇ ಮರೆತು ಬೇರೆಯವರದ್ದು ಹಾಕಿಕೊಂಡಿದ್ದಳು. ಪಾಪ, ಅವಳು ಚೆನ್ನಾಗಿ ಆಡಿದ್ದೆಲ್ಲ ಇನ್ಯಾರದ್ದೋ ಲೆಕ್ಕಕ್ಕೆ ಹೋಯಿತು. ಪಂದ್ಯಾವಳಿಗೆ ಒಂದು ವಾರ ಮೊದಲು ಮಗಳು ಎಲ್ಲ ಕೋಚ್‌ಗಳಿಗೆ ಬರೆಯಲಿ: ಇಂಥ ದಿನ, ಇಷ್ಟು ಗಂಟೆ, ಇಂಥ ಮೈದಾನ, ನನ್ನ ನಂಬರ್ ಇಷ್ಟು. ನೀವು ಅಲ್ಲಿಗೆ ಹೋದರೆ ಕೋಚ್ ಹತ್ತಿರ ಹೋಗಿ ಮಾತಾಡಿಸಬೇಡಿ, ದೂರ ಕೂತು ಬಿಸಿಲಿಗೆ ಟೋಪಿ ಹಾಕಿಕೊಂಡು ನೋಡಿ.

ಈಗ ಓದಿನ ವಿಷಯ. ಇದನ್ನು ಜಾಸ್ತಿ ಗಮನ ಕೊಟ್ಟು ಓದಿ. ಡಿವಿಷನ್ ಒಂದರಲ್ಲಿ ಆಡಬೇಕಾದರೆ 9ರಿಂದ 12ರ ಒಳಗೆ 16 ಮುಖ್ಯ ವಿಷಯ-ವರ್ಷಗಳು (ಒಂದು ವಿಷಯ ಒಂದು ವರ್ಷ ಓದಿದರೆ ಒಂದು) ಆಗಬೇಕು. ಅದರಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ. ನಮ್ಮ ಮಕ್ಕಳು 10 ಮುಗಿಸಿ ಕಾಮರ್ಸ್ ಅಥವಾ ಆರ್ಟ್ಸ್ ತಗೊಂಡು ಗಣಿತಕ್ಕೆ ಕೈಮುಗಿಯುತ್ತಾರೆ ಅಲ್ವಾ? ಆಗ ಕೈಯಲ್ಲಿ ಉಳಿಯುವುದು 9 ಮತ್ತು 10ರ ಎರಡೇ ವರ್ಷ. ಮೂರನೆಯದು ಎಲ್ಲಿಂದ ಬರಬೇಕು? ಆದ್ದರಿಂದ 11ರಲ್ಲಿ ಗಣಿತ ಬಿಡಬೇಡಿ. 9ನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಜೋಪಾನವಾಗಿ ಇಡಿ. ಇಲ್ಲಿ ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಅಲ್ಲಿ ಕೇಳುತ್ತಾರೆ. ಎನ್‌ಸಿಎಎ 2023ರಲ್ಲಿ ಸ್ಯಾಟ್ ಅನ್ನುವ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಕಡ್ಡಾಯ ಅನ್ನೋದನ್ನು ತೆಗೆದಿದೆ. ಆದರೆ ಕೆಲವು ಕಾಲೇಜುಗಳು ತಮ್ಮ ಪ್ರವೇಶಕ್ಕೆ ಕೇಳುತ್ತವೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ. ಸಂಕೋಚ ಇರಬೇಕು. ನಾನೇ ಹೇಳುತ್ತೇನೆ. ಒಳ್ಳೆಯ ಖಾಸಗಿ ಕಾಲೇಜಿನಲ್ಲಿ ಫೀಸು, ಊಟ, ರೂಮು ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಡಿವಿಷನ್ ಒಂದರ ಮಹಿಳಾ ತಂಡಕ್ಕೆ ಹಿಂದೆ ಇದ್ದದ್ದು ಹೆಚ್ಚೆಂದರೆ 12 ಸ್ಕಾಲರ್‌ಶಿಪ್. ಅದನ್ನು ಮೂವತ್ತು ಚಿಲ್ಲರೆ ಹುಡುಗಿಯರಿಗೆ ಹಂಚುತ್ತಿದ್ದರು. ಒಬ್ಬಳಿಗೆ ಅರ್ಧ, ಒಬ್ಬಳಿಗೆ ಕಾಲು, ಕೆಲವರಿಗೆ ಬರೀ ಪುಸ್ತಕದ ಖರ್ಚು. 2025ರಲ್ಲಿ ಕೋರ್ಟಿನ ಒಪ್ಪಂದವೊಂದರಿಂದ ಆ ಮಿತಿ ಹೋಯಿತು. ಹೊಸ ಪದ್ಧತಿಗೆ ಒಪ್ಪಿದ ಕಾಲೇಜುಗಳಲ್ಲಿ ಈಗ ತಂಡದಲ್ಲಿ 38 ಹುಡುಗಿಯರು ಮಾತ್ರ, ಸ್ಕಾಲರ್‌ಶಿಪ್ ಎಷ್ಟು ಬೇಕಾದರೂ ಕೊಡಬಹುದು. ಕೊಡಬಹುದು ಅಷ್ಟೇ. ದುಡ್ಡು ಮೊದಲು ಹೋಗುವುದು ಅಮೆರಿಕನ್ ಫುಟ್‌ಬಾಲಿಗೆ, ಬಾಸ್ಕೆಟ್‌ಬಾಲಿಗೆ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಕಾಲೇಜುಗಳಲ್ಲಿ ಆಟಕ್ಕೆ ಅಂತ ಒಂದು ಪೈಸೆ ಸ್ಕಾಲರ್‌ಶಿಪ್ ಇಲ್ಲ. ಡಿವಿಷನ್ ಮೂರರಲ್ಲೂ ಇಲ್ಲ. ಇಲ್ಲೇ ನಮ್ಮವರು ಮುಖ ತಿರುಗಿಸುವುದು. ಆದರೆ ನಿಮ್ಮಂಥ ಮನೆಗೆ ನಿಜವಾದ ದಾರಿ ಇರುವುದು ಇಲ್ಲಿಯೇ ಅನ್ನುತ್ತೇನೆ ನಾನು. ಆ ಮೂರು, ಜೊತೆಗೆ ಡಾರ್ಟ್‌ಮತ್, ಮತ್ತೆ ಡಿವಿಷನ್ ಮೂರರ ಆಮ್‌ಹರ್ಸ್ಟ್, ಬೌಡನ್, ಎಂಐಟಿ — ಇವು ಹೊರದೇಶದ ಮಕ್ಕಳನ್ನೂ ಅಪ್ಪನ ಬ್ಯಾಂಕ್ ಖಾತೆ ನೋಡದೆ ಆರಿಸುತ್ತವೆ. ಸೀಟು ಸಿಕ್ಕರೆ, ಮನೆಯ ಆದಾಯ ನೋಡಿ, ನಿಮ್ಮಿಂದ ಆಗದ್ದನ್ನು ಕಾಲೇಜೇ ತುಂಬುತ್ತದೆ. ಸೀಟು ಸಿಗುವುದು ಸುಲಭ ಅಲ್ಲ, ಬಹಳ ಬಹಳ ಕಷ್ಟ. ಅಲ್ಲಿ ಕೋಚ್‌ನ ಮಾತು ತೂಗುತ್ತದೆ. ಡಿವಿಷನ್ ಮೂರರ ಎಷ್ಟೋ ಕಾಲೇಜುಗಳಲ್ಲಿ, 11 ಮುಗಿದ ಬೇಸಿಗೆಯಲ್ಲಿ ಕೋಚ್ ತನಗೆ ಬೇಕಾದವರ ಮಾರ್ಕ್ಸ್ ತಗೊಂಡು ಅಡ್ಮಿಷನ್ ಆಫೀಸಿಗೆ ಮೊದಲೇ ತೋರಿಸುತ್ತಾರೆ. ‘ಪ್ರಿ-ರೀಡ್’ ಅಂತಾರೆ. ಮಾರ್ಕ್ಸ್ ಇಲ್ಲದ ಹುಡುಗಿಯನ್ನು ಅವರು ಅಲ್ಲಿಗೆ ಒಯ್ಯುವುದೇ ಇಲ್ಲ. ಉಳಿದ ಬಹುಪಾಲು ಕಾಲೇಜುಗಳು ಹೊರದೇಶದವರ ವಿಷಯದಲ್ಲಿ ‘ಎಷ್ಟು ಕೊಡಬಲ್ಲಿರಿ’ ಅಂತ ನೋಡಿಯೇ ಆರಿಸುತ್ತವೆ. ಮಗಳು ಅಮೆರಿಕದಲ್ಲೇ ಹುಟ್ಟಿದವಳಾದರೆ ಈ ಲೆಕ್ಕವೇ ಬೇರೆ, ಅದನ್ನು ತಿಳಿಸಿ ಇನ್ನೊಂದು ಪತ್ರ ಬರೆಯಿರಿ.

ಮಗ 10ನೇ ಕ್ಲಾಸ್, ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ. ಅಂಧೇರಿಯ ಒಬ್ಬ ಕನ್ಸಲ್ಟಂಟ್ ‘ಲ್ಯಾಕ್ರೋಸ್‌ಗೆ ಬದಲಾಯಿಸಿ, ಸ್ಪರ್ಧೆ ಕಡಿಮೆ, ಪೂರ್ತಿ ಸ್ಕಾಲರ್‌ಶಿಪ್ ಗ್ಯಾರಂಟಿ’ ಅಂದರು. ಈಗ 4 ಲಕ್ಷ, ಸ್ಕಾಲರ್‌ಶಿಪ್ ಬಂದ ಮೇಲೆ ಅದರಲ್ಲಿ 10 ಪರ್ಸೆಂಟ್. ಆಟಗಾರನಾದರೆ ಜಾಹೀರಾತಿನಿಂದಲೂ ದುಡಿಯಬಹುದಂತೆ. ಸಹಿ ಹಾಕಲಾ?
— ಹೋಟೆಲ್ ಉದ್ಯಮಿ, ಡೊಂಬಿವಲಿ

ಹಾಕಬೇಡಿ. ಪೆನ್ನು ಜೇಬಿನಲ್ಲೇ ಇರಲಿ.

ಆ 10 ಪರ್ಸೆಂಟ್ ಇದೆಯಲ್ಲ, ಮೊದಲು ಅದನ್ನು ನೋಡಿ. ಮಗನಿಗೆ ಆಟದ ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆ ದುಡ್ಡು ತಗೊಳ್ಳುವವನನ್ನು ಎನ್‌ಸಿಎಎ ಏಜೆಂಟ್ ಅಂತಲೇ ಲೆಕ್ಕ ಹಾಕುತ್ತದೆ. ಅಂಥ ಒಪ್ಪಂದ ಮಾಡಿಕೊಂಡ ಹುಡುಗನ ಆಡುವ ಅರ್ಹತೆಗೇ ಕುತ್ತು. ವಿಡಿಯೋ ಮಾಡಿಕೊಡುವುದು, ಕಾಲೇಜುಗಳ ಪಟ್ಟಿ ಮಾಡಿಕೊಡುವುದು, ಇಂಥ ಕೆಲಸಕ್ಕೆ ಒಂದು ನಿಗದಿ ಫೀಸು ಕೊಡಬಹುದು. ಸೀಟಿಗೆ, ಸ್ಕಾಲರ್‌ಶಿಪ್ಪಿಗೆ ಗಂಟು ಹಾಕಿದ ಫೀಸು ಕೊಡುವಂತಿಲ್ಲ. ನೀವು ದುಡ್ಡು ಕೊಟ್ಟು ಮಗನ ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ.

‘ಸ್ಪರ್ಧೆ ಕಡಿಮೆ’ ಅನ್ನೋದು ಮುಂಬೈಯಲ್ಲಿ ನಿಜ. ಆದರೆ ಸೀಟು ಇರುವುದು ಅಮೆರಿಕದಲ್ಲಿ. ಅಲ್ಲಿ ಡಿವಿಷನ್ ಒಂದರಲ್ಲಿ ಪುರುಷರ ಲ್ಯಾಕ್ರೋಸ್ ತಂಡಗಳು ಎಂಬತ್ತರ ಒಳಗೆ ಇವೆ, ಮಹಿಳೆಯರದ್ದು ನೂರಿಪ್ಪತ್ತರ ಮೇಲೆ. ಆ ಗಂಡುಮಕ್ಕಳ ಜಾಗಕ್ಕೆ ಒಂದನೇ ಕ್ಲಾಸಿನಿಂದ ಕೋಲು ಹಿಡಿದವರು ನಿಂತಿದ್ದಾರೆ. 10ನೇ ಕ್ಲಾಸಿನಲ್ಲಿ ಶುರು ಮಾಡಿ ಅವರನ್ನು ಹಿಂದೆ ಹಾಕುವ ಹುಡುಗ ಇರಬಹುದು, ಗ್ಯಾರಂಟಿ ಕೊಡುವ ಕನ್ಸಲ್ಟಂಟ್ ಇರಬಾರದು. ಜಾಹೀರಾತಿನ ದುಡ್ಡು ಅಲ್ಲಿನ ಹುಡುಗರಿಗೆ 2021ರಿಂದ ಸಿಗುತ್ತಿರುವುದು ಹೌದು. ನಿಮ್ಮ ಮಗ ಹೋಗುವುದು ವಿದ್ಯಾರ್ಥಿ ವೀಸಾದಲ್ಲಿ. ಅದರಲ್ಲಿ ದುಡಿಮೆಗೆ ಬಿಗಿಯಾದ ಕಟ್ಟಳೆ ಇದೆ, ಜಾಹೀರಾತಿನ ಆಸೆಗೆ ವೀಸಾವನ್ನೇ ಕಳಕೊಳ್ಳುವ ಅಪಾಯ.

ಇನ್ನೂ ಆಸೆ ಹೋಗದಿದ್ದರೆ 2019ರಲ್ಲಿ ಅಲ್ಲಿ ನಡೆದದ್ದನ್ನು ಓದಿ. ‘ವಾರ್ಸಿಟಿ ಬ್ಲೂಸ್’ ಅನ್ನುವ ಕೇಸು. ದುಡ್ಡಿದ್ದ ಅಪ್ಪ ಅಮ್ಮಂದಿರು ಒಬ್ಬ ಕನ್ಸಲ್ಟಂಟ್‌ಗೆ ಲಕ್ಷಗಟ್ಟಲೆ ಡಾಲರ್ ಸುರಿದರು. ಅವನು ಆಟವೇ ಆಡದ ಮಕ್ಕಳನ್ನು ಆಟಗಾರರು ಅಂತ ತೋರಿಸಿ ದೊಡ್ಡ ಕಾಲೇಜುಗಳಿಗೆ ಸೇರಿಸಿದ. ಕೆಲವು ಕೋಚ್‌ಗಳೂ ಲಂಚ ತಿಂದಿದ್ದರು. ಐವತ್ತಕ್ಕೂ ಹೆಚ್ಚು ಜನರ ಮೇಲೆ ಕೇಸಾಯಿತು. ಅಪ್ಪ ಅಮ್ಮಂದಿರೂ ಜೈಲಿಗೆ ಹೋದರು.

ಮಗ ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ ಅಂದಿರಲ್ಲ. ಆಡಲಿ ಬಿಡಿ.

ಮೊಮ್ಮಗ ನ್ಯೂಜೆರ್ಸಿಯಲ್ಲಿ 8ನೇ ಕ್ಲಾಸು. ಲ್ಯಾಕ್ರೋಸ್ ಆಡುತ್ತಾನೆ. ಯಾವುದೋ ದೊಡ್ಡ ಯೂನಿವರ್ಸಿಟಿಯವರು ಈಗಲೇ ಅವನನ್ನು ‘ತಗೊಂಡಿದ್ದಾರೆ’ ಅಂತ ಮಗ ಫೋನಿನಲ್ಲಿ ಹೇಳಿದ. ವರ್ಷಕ್ಕೆ ಸಾವಿರಾರು ಡಾಲರ್ ಕ್ಲಬ್ಬಿಗೆ ಕಟ್ಟುತ್ತಾನೆ. ನಾನು ಹೋಟೆಲಿನ ಗಲ್ಲಾದಲ್ಲಿ ಕೂತು ನಲವತ್ತು ವರ್ಷ ಲೆಕ್ಕ ನೋಡಿದವನು. 13 ವರ್ಷದ ಹುಡುಗನನ್ನು ಹೀಗೆ ಮೊದಲೇ ಬುಕ್ ಮಾಡುವ ಪದ್ಧತಿ ಇದೆಯಾ?
— 78 ವರ್ಷದ ಅಜ್ಜ, ಮಾಟುಂಗ

ಇತ್ತು, ರಾಯರೇ. ನಿಮ್ಮ ಅನುಮಾನ ಸರಿಯಾಗಿದೆ. ಲ್ಯಾಕ್ರೋಸ್‌ನಲ್ಲಿ 8ನೇ, 9ನೇ ಕ್ಲಾಸಿನ ಮಕ್ಕಳ ಹತ್ತಿರ ಕೋಚ್‌ಗಳು ‘ನಮ್ಮಲ್ಲಿಗೇ ಬಾ’ ಅಂತ ಬಾಯಿಮಾತು ತಗೊಳ್ಳುತ್ತಿದ್ದರು. ಅದು ಅತಿಯಾಯಿತು ಅಂತ ಕೋಚ್‌ಗಳೇ ಕೇಳಿಕೊಂಡ ಮೇಲೆ 2017ರಲ್ಲಿ ಎನ್‌ಸಿಎಎ ಆ ಸೆಪ್ಟೆಂಬರ್ 1ರ ನಿಯಮ ತಂದಿತು. ಈಗ ಡಿವಿಷನ್ ಒಂದರ ಯಾವ ಕೋಚೂ 8ನೇ ಕ್ಲಾಸಿನವನಿಗೆ ಮಾತು ಕೊಡುವಂತಿಲ್ಲ. ಕ್ಯಾಂಪಿಗೆ ಬಾ ಅಂತ ಒಂದು ಮೇಲ್ ಬಂದಿರಬೇಕು, ಅಥವಾ ಕ್ಲಬ್ ಕೋಚ್ ಹುರಿದುಂಬಿಸಿರಬೇಕು. ಕ್ಯಾಂಪ್ ಮೇಲ್ ಸಾವಿರಾರು ಮಕ್ಕಳಿಗೆ ಹೋಗುತ್ತದೆ, ಅದರ ಫೀಸು ಕಟ್ಟುವುದು ಅಪ್ಪ.

ಬಾಯಿಮಾತು ಸಿಕ್ಕರೂ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಹಿಂದೆ 12ನೇ ಕ್ಲಾಸಿನಲ್ಲಿ ಲೆಟರ್ ಆಫ್ ಇಂಟೆಂಟ್ ಅಂತ ಒಂದು ಕಾಗದಕ್ಕೆ ಸಹಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಅದನ್ನೂ ನಿಲ್ಲಿಸಿತು. ಈಗ ಲೆಕ್ಕಕ್ಕೆ ಬರುವುದು ಕಾಲೇಜು ಬರೆದುಕೊಡುವ ಹಣಸಹಾಯದ ಒಪ್ಪಂದ. ಕಾಗದ ಎಲ್ಲಿ ಅಂತ ಕೇಳಿ, ಗೊತ್ತಾಗುತ್ತದೆ. ನೀವು ಹೋಟೆಲಿನ ಗಲ್ಲಾದಲ್ಲಿ ಕೂತು ನಲವತ್ತು ವರ್ಷ ಲೆಕ್ಕ ನೋಡಿದವರು ಅಂತ ಬರೆದಿದ್ದೀರಿ, ನಿಮಗೆ ಇದನ್ನು ನಾನು ಹೇಳಿಕೊಡಬೇಕಾ?

ಮಗನ ಜೊತೆ ಜಗಳ ಬೇಡ. ಕ್ಲಬ್ಬಿಗೆ ಕಟ್ಟುವುದು ಅವನ ದುಡ್ಡು. ಹುಡುಗ ಖುಷಿಯಾಗಿ ಆಡುತ್ತಿದ್ದರೆ ಅದೇ ದೊಡ್ಡದು. ಭಾನುವಾರದ ಫೋನಿನಲ್ಲಿ ಗೋಲು ಎಷ್ಟು ಹೊಡೆದೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಬೇರೆ ಏನಾದರೂ ಕೇಳಿ.

ನಾನು 10ನೇ ಕ್ಲಾಸ್. ಶಾಲೆಯ ಹಾಕಿ ತಂಡದಲ್ಲಿದ್ದೇನೆ. ತಂಗಿ 8ನೇ ಕ್ಲಾಸ್, ಅವಳೂ ಹಾಕಿ ಆಡುತ್ತಾಳೆ. 2028ರ ಒಲಿಂಪಿಕ್ಸ್‌ನಲ್ಲಿ ಲ್ಯಾಕ್ರೋಸ್ ಇದೆಯಂತೆ. ನಾನು ಈಗ ಕಲಿತರೆ ಇಂಡಿಯಾ ಟೀಮಿಗೆ, ಅಲ್ಲಿಂದ ಅಮೆರಿಕದ ಕಾಲೇಜಿಗೆ ಹೋಗಬಹುದಾ ಟೀಚರ್?
— ವಿದ್ಯಾರ್ಥಿ, ಮಡಗಾಂವ್, ಗೋವಾ

ಮರಿ, ನಿನ್ನ ಪತ್ರ ಈ ಕಂತೆಯಲ್ಲೇ ಚೆನ್ನಾಗಿದೆ, ಯಾಕೆಂದರೆ ನೀನೇ ಬರೆದಿದ್ದೀಯ.

ಆ ತೀರ್ಮಾನ ಆದದ್ದು ನಮ್ಮ ಮುಂಬೈಯಲ್ಲೇ, ಗೊತ್ತಾ? 2023ರ ಅಕ್ಟೋಬರ್‌ನಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಒಲಿಂಪಿಕ್ ಸಮಿತಿಯ ಸಭೆ ನಡೆಯಿತು. ಪೇಪರಿನವರು ಕ್ರಿಕೆಟ್ ಬಂತು ಅಂತ ದೊಡ್ಡ ಅಕ್ಷರದಲ್ಲಿ ಹಾಕಿದರು. ಅದರ ಜೊತೆ ಸ್ಕ್ವಾಷ್, ಲ್ಯಾಕ್ರೋಸ್ ಕೂಡ ಬಂದವು. ಅಲ್ಲಿ ಆಡುವುದು ಸಿಕ್ಸಸ್ ಅಂತ, ಒಂದು ಕಡೆ ಆರೇ ಜನ. ಗಂಡಸರಲ್ಲಿ ಆರು ತಂಡ, ಹೆಂಗಸರಲ್ಲಿ ಆರು ತಂಡ. ಇಡೀ ಪ್ರಪಂಚಕ್ಕೆ ಆರು! ನಿನಗೆ ಸುಮ್ನೆ ಆಸೆ ಹುಟ್ಟಿಸಲ್ಲ.

ಕಾಲೇಜಿನ ಮಾತು ಬೇರೆ. ನೀನು ಓದಿ ಅಮೆರಿಕಕ್ಕೆ ಹೋದರೆ, ಅಲ್ಲಿ ಎನ್‌ಸಿಎಎ ತಂಡದ ಹೊರಗೂ ಗಂಡುಮಕ್ಕಳ ಲ್ಯಾಕ್ರೋಸ್ ಕ್ಲಬ್‌ಗಳಿವೆ. ಎಂಸಿಎಲ್‌ಎ ಅಂತ ಅವರ ಲೀಗೇ ಇದೆ. ಸ್ಕಾಲರ್‌ಶಿಪ್ ಇಲ್ಲ, ಖರ್ಚು ಹುಡುಗರೇ ಹಾಕಿಕೊಳ್ಳುತ್ತಾರೆ. ಹಾಕಿ ಆಡಿ ಕಾಲು ಗಟ್ಟಿಯಾದವನಿಗೆ ಅಲ್ಲಿ ಕಲಿಯಲು ಅವಕಾಶ ಸಿಗಬಹುದು. ನಿನ್ನ ಹಾಕಿಗೆ ಮಾತ್ರ ಅಲ್ಲಿ ಜಾಗ ಇಲ್ಲ, ಯಾಕೆಂದರೆ ಅಮೆರಿಕದ ಕಾಲೇಜುಗಳಲ್ಲಿ ಎನ್‌ಸಿಎಎ ಮಟ್ಟದ ಫೀಲ್ಡ್ ಹಾಕಿ ಹೆಣ್ಣುಮಕ್ಕಳಿಗೆ ಮಾತ್ರ. ಹೊರದೇಶದಿಂದ ಹೋಗಿ ಅಲ್ಲಿ ಆಡುವ ಹುಡುಗಿಯರು ಎಷ್ಟೋ ಜನ ಇದ್ದಾರೆ.

ಈಗ ನಿನ್ನ ತಂಗಿಯನ್ನು ಕರೆದು ಈ ಪುಟ ಓದಿಸು. ಮುಂದಿನ ಪತ್ರ ಅವಳು ಬರೆಯಲಿ, ಗಣಿತದಲ್ಲಿ ಎಷ್ಟು ಬಂತು ಅನ್ನೋದನ್ನೂ ಸೇರಿಸಿ.